ಹೊಸ ಹಾಸಿಗೆ

ನಮ್ಮ ಕಾರ್ಖಾನೆಯ ಹಿಂದಿನ ಕೋಣೆಗೆ ಕಿಟಕಿ ಇದೆ, ತೆರೆಯುವಂತಿಲ್ಲ. ಲಾಡ್ಜು, ಹಾಸ್ಟೆಲುಗಳು ಬಿಸಾಕಿದ ಹಾಸಿಗೆಗಳನ್ನು ಅಲ್ಲಿ ಸೀಳಿ, ಹತ್ತಿ ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿಯುತ್ತೇವೆ. ಮುಂದಿನ ಅಂಗಡಿಗೆ ಹೋದರೆ ಅದು ಹೊಸ ಹಾಸಿಗೆ. ಒಳಗಿನ ತಿಗಣೆಗಳು ನಮ್ಮನ್ನು ಕಚ್ಚುತ್ತವೆ. ನಾವು ಕೆರೆದುಕೊಂಡು, ಯಜಮಾನನಿಗೆ ಹಿಡಿಶಾಪ ಹಾಕಿ, ಮತ್ತೆ ಸೂಜಿ ಹಿಡಿಯುತ್ತೇವೆ.

ದೊಡ್ಡಕ್ಕನಿಗೆ ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮಲ್ಲಿ ಹಿರಿಯಳು ಅವಳು. ಬಾಯಿ ಜೋರು, ಕೈ ಇನ್ನೂ ಜೋರು. ನಮಗೆ ಕೆಂಪು ಚುಕ್ಕೆ ಏಳುವ ಕಡೆ ಅವಳಿಗೆ ನಿಂಬೆಹಣ್ಣಿನ ಗಾತ್ರದ ಬೊಬ್ಬೆ. ಒಡೆದರೆ ಕೀವು, ಜ್ವರ. ಡಾಕ್ಟರಿಗೆ ತೋರಿಸಿಕೊಂಡು ಬಂದವಳು ನಗುತ್ತಲೇ ಹೇಳಿದಳು:

“ರಕ್ತದ ಕಾಯಿಲೆಯಂತೆ ಕಣೇ. ಮೈಗೆ ತಡ್ಕೊಳೋ ಶಕ್ತೀನೇ ಹೋಗಿದೆಯಂತೆ. ಅಂಥೋರಲ್ಲಿ ಕೆಲವರಿಗೆ ಹುಳ ಕಚ್ಚಿದ್ರೆ ಹಿಂಗಾಗತ್ತಂತೆ. ನಂಜೇರಿದ್ರೆ ಜೀವಕ್ಕೇ ಕುತ್ತು, ಇನ್ನು ಕಚ್ಚಿಸ್ಕೋಬೇಡ ಅಂದ್ರು. ನಾನೇನು ತಿಗಣೆನ ಊಟಕ್ಕೆ ಕರೀತೀನಾ?”

ಎಲ್ಲರೂ ಯಜಮಾನನ ಮುಂದೆ ಹೋಗಿ ನಿಂತೆವು.

“ಸೀಳೋಕೆ ಮುಂಚೆ ಮಹಡಿ ಮೇಲೆ ಬಿಸಿಲಿಗೆ ಹಾಕೋಣ. ಇಲ್ಲ, ಔಷಧಿ ಹೊಡೆಸಿ. ಅಲ್ಲೀವರೆಗೆ ಅಕ್ಕನ್ನ ಅಂಗಡಿ ಕೆಲಸಕ್ಕೆ ಹಾಕಿ.”

“ಮಹಡಿ ಮೇಲೆ ಹಾಕಿದ್ರೆ ಊರಿಗೆಲ್ಲ ಕಾಣತ್ತೆ. ಔಷಧಿ ವಾಸನೆ ಬಂದ್ರೆ ಯಾರು ಕೊಳ್ತಾರೆ? ಇವಳ ಕೈ ನೋಡಿದ್ರೆ ಗಿರಾಕಿ ಓಡ್ತಾರೆ. ಎಲ್ಲರಿಗೂ ಕಚ್ಚತ್ತೆ. ಇವಳೊಬ್ಬಳಿಗೆ ಹಿಂಗಾದ್ರೆ ತಪ್ಪು ಇವಳ ಮೈದು.”

ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ. ಅಕ್ಕ ತೋಳಿಗೆ ಬಟ್ಟೆ ಸುತ್ತಿಕೊಂಡು ಹೊಲಿಯುತ್ತಲೇ ಇದ್ದಳು. ಒಂದು ದಿನ ಹತ್ತಿಯ ರಾಶಿಯ ಮೇಲೇ ಕುಸಿದಳು.

ಆಸ್ಪತ್ರೆಗೆ ಸೇರಿಸಿದ ಮೇಲೆ ನಮಗೆ ಹೋದ ಜೀವ ಬಂದಂತಾಯಿತು. ಗಾಯಗಳು ಒಣಗತೊಡಗಿದವು. ಆಮೇಲೆ ಅವಳನ್ನು ಬೇರೆ ವಾರ್ಡಿಗೆ ಹಾಕಿದರು. ನೋಡಲು ಹೋದರೆ ಬೆನ್ನ ತುಂಬ ಹೊಸ ಬೊಬ್ಬೆಗಳು.

“ಈ ವಾರ್ಡಿಗೆ ಎಲ್ಲಾ ಹೊಸ ಹಾಸಿಗೆ ತರ್ಸಿದೀವಿ, ಹುಳ ಎಲ್ಲಿಂದ ಬರತ್ತೆ?” ಅಂದರು ನರ್ಸಮ್ಮ.

ಅಕ್ಕ ಮಲಗಿದಲ್ಲೇ ಹಾಸಿಗೆಯ ಮೂಲೆ ತಡವಿದಳು. ಎರಡು ಸಲ ತಿರುಗಿಸಿ ಹಾಕಿದ ಗಂಟು ಬೆರಳಿಗೆ ಸಿಕ್ಕಿತು. ಹಾಗೆ ಗಂಟು ಹಾಕುವವಳು ನಮ್ಮಲ್ಲಿ ಅವಳೊಬ್ಬಳೇ.

“ನಾನೇ ಹೊಲ್ದಿದ್ದು ಕಣೇ. ಬಿಚ್ಕೋಬಾರ್ದು ಅಂತ ಎಷ್ಟು ಗಟ್ಟಿಯಾಗಿ ಹೊಲ್ದಿದ್ನೇ...”

ಗೋಡೆಯ ಕಡೆ ತಿರುಗಿ ಅತ್ತಳು. ಅವಳು ಅತ್ತದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಹಾಸಿಗೆ ತೆಗೆಸಿ, ಬರೀ ಮಂಚದ ಮೇಲೆ ಕಂಬಳಿ ಹಾಸಿ ಮಲಗಿಸಿದೆವು. ಅಷ್ಟರಲ್ಲಿ ನಂಜು ರಕ್ತಕ್ಕೆ ಇಳಿದಿತ್ತು. ಆ ವಾರವೇ ಅಕ್ಕ ಹೋಗಿಬಿಟ್ಟಳು.

ಮಣ್ಣು ಮಾಡಿದ ಮರುದಿನ ಆ ಹಾಸಿಗೆಯನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಹೊತ್ತು ತಂದು, ಗಿರಾಕಿಗಳು ತುಂಬಿದ ಅಂಗಡಿಯ ನಡುವೆ ಹಾಸಿದೆವು.

“ಏನಿದು?” ಯಜಮಾನ ಸಿಡುಕಿದ.

“ನಿಮ್ಮ ಅಂಗಡಿ ಮಾಲು. ಅಕ್ಕ ಆಸ್ಪತ್ರೇಲಿ ಇದ್ರ ಮೇಲೇ ಮಲಗಿದ್ಲು. ಒಂದು ಸಲ ಮಲ್ಕೊಂಡು ತೋರ್ಸಿ ಯಜಮಾನ್ರೇ.”

ಅವನು ಹಿಂದಕ್ಕೆ ಸರಿದ. ಗಿರಾಕಿ ಹೆಂಗಸೊಬ್ಬಳು ತಾನು ಒತ್ತಿ ನೋಡುತ್ತಿದ್ದ ಹಾಸಿಗೆಯಿಂದ ಕೈ ತೆಗೆದಳು.

“ಪೊಲೀಸರನ್ನ ಕರೀತೀನಿ!” ಯಜಮಾನ ಕೂಗಿದ.

“ಕರೀರಿ. ಅವ್ರು ಬರೋವರೆಗೂ ಮಲ್ಕೊಂಡಿರಿ.”