ಬೆಂಡೆಕಾಯಿಯ ತುದಿ

"ಸಿಕ್ಳು ಕಣೆ ಸುಧಾ! ಬೆಂಡೆಕಾಯಿ ಮುರಿಯಾಕಿ ಸಿಕ್ಳು! ಕ್ಯಾಮೆರಾದಾಗೆ ಪೂರಾ ಬಂದಾಳೆ, ಸೆರಗು ಬ್ಯಾಗು ಸಮೇತ!"

ದುರ್ಗಾಂಬಿಕಾ ಎರಡನೇ ಕೌಂಟರಿನಿಂದ ಗಾಲಿ ಕುರ್ಚಿಯನ್ನೇ ತಳ್ಳಿಕೊಂಡು ಬಂದಿದ್ದಳು. ಶಾಂಪೂ ಸ್ಕ್ಯಾನ್ ಮಾಡುತ್ತಿದ್ದ ಸುಧಾ ಗಿರಾಕಿ ಎದುರಿಗಿರುವುದನ್ನೂ ಮರೆತು ಬಾಯಿ ತೆರೆದಳು.

"ಸುಳ್ಳು!"

"ನಿನ್ನಾಣೆ. ಸಾರ್ ಬೆಳಿಗ್ಗೆಯಿಂದ ಅದನ್ನೇ ಹಿಂದಕ್ಕೆ ಮುಂದಕ್ಕೆ ಓಡಿಸ್ತಾ ಕುಂತಾರೆ. ಊಟದ ಟೈಮಿಗೆ ನಮ್ಮಿಬ್ರನ್ನೂ ಒಳಗೆ ಬರಾಕೆ ಹೇಳ್ಯಾರೆ."

ಚನ್ನಗಿರಿ ಬಸ್‌ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾಗೇಂದ್ರಪ್ಪನವರು ಸೂಪರ್ ಮಾರ್ಕೆಟ್ ತೆರೆದು ಎಂಟು ತಿಂಗಳಾಗಿತ್ತು. ಬರುವ ಜನಕ್ಕೆ ಅಲ್ಲಿ ಎಲ್ಲವನ್ನೂ ಮುಟ್ಟಿ ನೋಡಬೇಕಿತ್ತು. ಬ್ರೆಡ್ಡನ್ನು ಒತ್ತುತ್ತಿದ್ದರು, ಮೊಸರಿನ ಪ್ಯಾಕೆಟ್ ಅಲ್ಲಾಡಿಸುತ್ತಿದ್ದರು, ಸೋರೆಕಾಯಿಗೆ ಹೆಬ್ಬೆರಳಿನ ಉಗುರು ಊರಿ ಎಳೆಯದೋ ಬಲಿತದ್ದೋ ಎಂದು ತಿಳಿದುಕೊಳ್ಳುತ್ತಿದ್ದರು. 'ದಯವಿಟ್ಟು ಮುಟ್ಟಬೇಡಿ' ಎಂದು ಬೋರ್ಡು ಹಾಕಿದರೆ ಬೋರ್ಡನ್ನೂ ಮುಟ್ಟಿ ನೋಡಿದರು. ಬೆಂಡೆಕಾಯಿಯ ಗತಿಯಂತೂ ಕೇಳುವುದೇ ಬೇಡ. ತುದಿ ಟಕ್ಕೆಂದು ಮುರಿದರೆ ಎಳೆಯದು, ಬಗ್ಗಿದರೆ ಬಲಿತದ್ದು. ಸಂಜೆಯ ಹೊತ್ತಿಗೆ ಅರ್ಧ ಕ್ರೇಟು ಮೂಗು ಕಳೆದುಕೊಂಡು, ಮುರಿದ ಜಾಗ ಕಪ್ಪಾಗಿ ಬಿದ್ದಿರುತ್ತಿತ್ತು. ಹಾಗೆ ಬಿದ್ದ ತುದಿಗಳನ್ನು ದುರ್ಗಾಂಬಿಕಾ ನಾಗೇಂದ್ರಪ್ಪನವರ ಅಪ್ಪಣೆಯಂತೆ ಖಾಲಿ ಉಪ್ಪಿನಕಾಯಿ ಜಾಡಿಯೊಂದರಲ್ಲಿ ತುಂಬಿಡುತ್ತಿದ್ದಳು. ಒಂದು ವಾರದಲ್ಲಿ ಜಾಡಿ ಕುತ್ತಿಗೆವರೆಗೆ ಬಂದಿತ್ತು.

ಊಟದ ಹೊತ್ತಿಗೆ ಇಬ್ಬರೂ ಡಬ್ಬಿ ಹಿಡಿದುಕೊಂಡೇ ಒಳಗೆ ಹೋದರು. ನಾಗೇಂದ್ರಪ್ಪನವರ ಮೇಜಿನ ಮೇಲೆ ಆ ಜಾಡಿ ಇತ್ತು. ಪಕ್ಕದಲ್ಲಿ ಹೊನ್ನಾಳಿಯ ಹೊಸ ಅಂಗಡಿಯ ಬೀಗದ ಕೈ ಗೊಂಚಲು. ಒಂದನೇ ತಾರೀಖಿಗೆ ಅದು ತೆರೆಯುವುದಿತ್ತು. ಅದರ ಇನ್‌ಚಾರ್ಜ್ ಸುಧಾ ಎಂದು ಅವರು ಬಾಯಿ ಬಿಟ್ಟು ಹೇಳಿರಲಿಲ್ಲವಾದರೂ ಗೊಂಚಲನ್ನು ಎರಡು ಸಲ ಅವಳ ಕೈಗೆ ಕೊಟ್ಟು "ಭಾರ ಐತೇನಮ್ಮ?" ಎಂದು ನಕ್ಕಿದ್ದರು. ಅಂಗಡಿಯ ರೀಲ್ಸ್ ಮಾಡುವುದು ಸುಧಾಳೇ. ಅವಳು ಮಾಡಿದ ಒಂದಕ್ಕೆ ನ್ಯಾಮತಿ, ಜಗಳೂರು ಕಡೆಯವರೂ ಲೈಕ್ ಒತ್ತಿದ್ದರು.

"ಹೇಳ್ರಿ," ಎಂದರು ನಾಗೇಂದ್ರಪ್ಪ, ಕುರ್ಚಿಗೆ ಒರಗಿ. "ಇಂಥೋರಿಗೆ ಏನು ಮಾಡ್ಬೇಕು? ಪೊಲೀಸ್ ಗಿಲೀಸ್ ಅಂದ್ರೆ ನಗ್ತಾರೆ. ಬೆಂಡೆಕಾಯಿ ತುದಿಗೆ ಯಾವ ಕೇಸು ಹಾಕ್ತಾರೆ?"

ಸುಧಾಗೆ ಇಂಥ ಹೊತ್ತಲ್ಲಿ ನಾಲಿಗೆ ತಲೆಗಿಂತ ಮುಂದೆ ಓಡುತ್ತಿತ್ತು. "ತಿನ್ನಿಸ್ಬೇಕು ಸಾರ್! ಆ ಜಾಡೀದು ಪೂರಾ. ಎಲ್ಲರೆದುರು ಸ್ಟೂಲ್ ಮೇಲೆ ಕುಂದ್ರಿಸಿ, ತಟ್ಟೇಗೆ ಸುರುವಿ, 'ಎಳೇದು ಯಾವ್ದು, ಬಲಿತಿದ್ದು ಯಾವ್ದು, ಹೇಳವ್ವ' ಅಂತ ಒಂದೊಂದೇ ತಿನ್ನಿಸ್ಬೇಕು. ನಾನು ರೀಲ್ಸ್ ಮಾಡ್ತೀನಿ."

ದುರ್ಗಾಂಬಿಕಾ ಬಾಯಲ್ಲಿದ್ದ ರೊಟ್ಟಿ ಹೊರಗೆ ಬರುವಂತೆ ನಕ್ಕಳು. ನಾಗೇಂದ್ರಪ್ಪನವರೂ ನಕ್ಕರು. ನಗು ನಿಂತ ಮೇಲೂ ಜಾಡಿಯನ್ನು ನೋಡುತ್ತಲೇ ಇದ್ದರು.

"ಲೇ, ಚೆನ್ನಾಗೈತಲ್ಲೇ ಇದು. ಹೊನ್ನಾಳಿ ಓಪನಿಂಗಿಗೆ ಮುಂಚೆ ಈ ರೀಲ್ಸ್ ಒಂದು ಎಲ್ಲಾ ಕಡೆ ಹೋಯ್ತು ಅಂದ್ರೆ ಅಲ್ಲಿ ಒಬ್ರೂ ಕೈ ಹಚ್ಚಲ್ಲ."

ಅವರು ಪರದೆಯನ್ನು ಹುಡುಗಿಯರ ಕಡೆ ತಿರುಗಿಸಿದರು. ದನಿಯಿಲ್ಲದ ಚಿತ್ರ, ಚಾವಣಿಯಿಂದ ಕೆಳಗೆ ನೋಡಿದ ಹಾಗೆ. ಮೊದಲು ತಂಪು ಕನ್ನಡಕವನ್ನು ತಲೆಗೇರಿಸಿದ ಹೆಂಗಸೊಬ್ಬಳು ಬಂದು ಹತ್ತಿಪ್ಪತ್ತು ಬೆಂಡೆಕಾಯಿ ಮುರಿದು ಒಂದನ್ನೂ ತೆಗೆದುಕೊಳ್ಳದೆ ಹೋದಳು.

"ಅವ್ರಲ್ಲ. ಅವ್ರು ಕಾರ್‌ನಾಗೆ ಬರೋರು," ಎನ್ನುತ್ತಾ ನಾಗೇಂದ್ರಪ್ಪ ಮುಂದಕ್ಕೆ ಓಡಿಸಿದರು. "ಇಗಾ, ಇವಳು. ಹೋದ ಮಂಗಳವಾರ."

ಸಣಕಲು ಮೈಯ ಹೆಂಗಸು. ತಲೆ ತುಂಬ ಸೆರಗು, ಕೈಯಲ್ಲಿ ವೈರಿನ ಬ್ಯಾಗು.

"ಅಯ್ಯೋ, ಇವಳು ನಂಗೊತ್ತು!" ದುರ್ಗಾಂಬಿಕಾ ಮೇಜು ಕುಟ್ಟಿದಳು. "ಕಾಲ್ ಕೇಜಿ ಗಿರಾಕಿ. ಯಾವಾಗ್ಲೂ ನನ್ ಹತ್ರನೇ ಬಿಲ್ಲು ಮಾಡ್ಸೋದು. ಸುಧಾನ ಕೌಂಟರ್ ಖಾಲಿ ಇದ್ರೂ ಆ ಕಡೆ ಹೋಗಲ್ಲ. ನಿನ್ನ ಕಂಡ್ರೆ ಆಗಲ್ಲ ಅನ್ಸುತ್ತೆ ಕಣೆ!"

ಸುಧಾ ನಗಲು ಬಾಯಿ ತೆರೆದಳು. ಆಗ ಕಂಡದ್ದು ಕೈ.

ಮುಖ ಸೆರಗಿನೊಳಗಿತ್ತು. ಕೈ ಮಾತ್ರ ಹೊರಗಿತ್ತು. ಹೆಬ್ಬೆರಳು, ತೋರುಬೆರಳು, ಒಂದು ಸಣ್ಣ ಒತ್ತು. ಎಳೆಯದು ಎಡಕ್ಕೆ, ಬಲಿತದ್ದು ಬಲಕ್ಕೆ. ಕಾಯಿಯ ಕಡೆ ನೋಡುತ್ತಲೇ ಇರಲಿಲ್ಲ ಅವಳು, ಕೈ ತನ್ನಷ್ಟಕ್ಕೆ ತಾನೇ ಎರಡು ಗುಡ್ಡೆ ಮಾಡುತ್ತಿತ್ತು. ಕೆರೆಬಿಳಚಿಯ ಸಂತೆಯಲ್ಲಿ ಹರಡಿದ ಗೋಣಿಚೀಲದ ಮೇಲೆ ಅಂಥವೇ ಎರಡು ಗುಡ್ಡೆಗಳ ನಡುವೆ ಕೂತು ಸುಧಾ ಹದಿನೇಳರ ಮಗ್ಗಿ ಬಾಯಿಪಾಠ ಮಾಡಿದ್ದಳು. ಅವ್ವ ಗಾದ್ರಮ್ಮ ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಿದ್ದರೂ, ಜಗಳವಾಡುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ.

"ನೋಡಿದ್ರಾ?" ನಾಗೇಂದ್ರಪ್ಪ ಪೆನ್ನಿನಿಂದ ಪರದೆಯನ್ನು ತಟ್ಟಿದರು. "ಹದಿನೆಂಟು ನಿಮಿಷ ಅಲ್ಲೇ ನಿಂತಾಳೆ. ಕಣ್ಣೆಲ್ಲ ಬಿಲ್ಲಿಂಗ್ ಕಡೆಗೆ. ಯಾರಾದ್ರೂ ನೋಡ್ತಾರೇನೋ ಅಂತ. ನಾಲ್ಕು ಮಂಗಳವಾರದ್ದೂ ತೆಗ್ದು ನೋಡೀನಿ, ಎಲ್ಲಾದ್ರಾಗೂ ಹಿಂಗೇ."

ಪರದೆಯ ಅಂಚಿನಲ್ಲಿ, ಆ ಹೆಂಗಸು ನೋಡುತ್ತಿದ್ದ ಕಡೆ, ಗುಲಾಬಿ ಯೂನಿಫಾರ್ಮಿನ ಒಂದು ಬೆನ್ನು ಇತ್ತು. ಬೆನ್ನ ಮೇಲೆ ಜಡೆ. ಸುಧಾ ಕೂರುವ ಒಂದನೇ ಕೌಂಟರ್ ತರಕಾರಿಗೆ ಬೆನ್ನು ಮಾಡಿಕೊಂಡೇ ಇರುವುದು.

"ಮಂಗಳವಾರ ಮಾತ್ರ ಬರೋಳು ದಿನಾ ಹೆಂಗೆ ಮುರೀತಾಳೆ ಸಾರ್?" ದುರ್ಗಾಂಬಿಕಾ ಕೇಳಿದಳು.

"ಶುರು ಮಾಡಿದಾಕಿ ಇವಳೇ. ಇವಳನ್ನ ನೋಡಿ ಉಳಿದೋರು ಕಲಿತಾರೆ." ಅವರು ಪರದೆ ಆರಿಸಿ ಇಬ್ಬರನ್ನೂ ಒಂದೊಂದು ಸಲ ನೋಡಿದರು. "ಇವಳು ನಿಮ್ ಮನೆಯೋರ ಪೈಕಿ ಆಗಿದ್ರೆ ಈಗ್ಲೇ ಹೇಳ್ಬಿಡ್ರಿ. ಆಮೇಲೆ ವೆಂಕಟೇಶಂದು ಆದಂಗೆ ಆಗಬಾರದು."

ವೆಂಕಟೇಶ ತರಕಾರಿ ತೂಗುತ್ತಿದ್ದವನು. ಅವನ ಚಿಕ್ಕಪ್ಪ ಬಂದು ನಾಲ್ಕು ದ್ರಾಕ್ಷಿ ಬಾಯಿಗೆ ಹಾಕಿಕೊಂಡ ದಿನವೇ ಅವನ ಯೂನಿಫಾರ್ಮ್ ಬಿಚ್ಚಿಸಿದ್ದರು.

"ನಮ್ಮವ್ವ ದಪ್ಪ ಸಾರ್, ಆ ಕ್ಯಾಮೆರಾದಾಗೆ ಹಿಡಿಯಲ್ಲ," ಎಂದಳು ದುರ್ಗಾಂಬಿಕಾ.

"ನಿಂದು?"

"ಇಲ್ಲ ಸಾರ್," ಎಂದಳು ಸುಧಾ.

"ಅವಳವ್ವ ಅಂಗನವಾಡಿ ಟೀಚರ್ರು ಸಾರ್! ಬೆಂಡೆಕಾಯಿ ಮುರಿಯಾಕೆ ಬರ್ತಾರಾ?"

ಸುಧಾ ನಕ್ಕಳು. ಒಂದು ಗಳಿಗೆ ತಡವಾಗಿ ನಕ್ಕಳು. ಕೆಲಸಕ್ಕೆ ಸೇರಿದ ಮೊದಲ ವಾರ ಅವಳೇ ಹಾಗೆ ಹೇಳಿದ್ದಳು. ಅವ್ವನಿಗೂ ಹೇಳಿದ್ದಳು, ಅಂಗಡಿ ಕಡೆ ಬರಬೇಡ, ಅಲ್ಲಿ ಮನೆಯವರ ಹತ್ತಿರ ಮಾತಾಡಿದರೆ ಬೈಯುತ್ತಾರೆ ಎಂದು.

"ಹಂಗಾದ್ರೆ ನಾಳೆ ಮಂಗಳವಾರ," ನಾಗೇಂದ್ರಪ್ಪ ಎದ್ದರು. "ಇದು ಈ ರೂಮಿನಾಗೆ ಇರೋ ಮೂರು ಜನಕ್ಕೆ ಮಾತ್ರ ಗೊತ್ತು. ನಾಲ್ಕು ವಾರದಿಂದ ತಪ್ಪದೆ ಬಂದಾಕಿ ನಾಳೆ ಬರಲಿಲ್ಲ ಅಂದ್ರೆ, ನಿಮ್ಮಿಬ್ರಾಗೆ ಒಬ್ರು ಬಾಯಿ ಬಿಟ್ಟಾರೆ ಅಂತ ಲೆಕ್ಕ. ಯಾರು ಅಂತ ಹುಡುಕ್ತಾ ಕುಂದ್ರಲ್ಲ ನಾನು. ಇಬ್ರೂ ಮನೆಗೆ." ಜಾಡಿಯನ್ನು ಸುಧಾಳ ಕೈಗಿಟ್ಟರು. "ಸ್ಟೋರಿನ ಫ್ರಿಜ್ಜಿನಾಗೆ ಇಡು ಹೋಗು. ಫೋನ್ ಚಾರ್ಜ್ ಮಾಡ್ಕೆಂಡು ಬಾ ನಾಳೆ. ನಿನ್ ಐಡಿಯಾ, ನೀನೇ ನಿಂತು ಮಾಡ್ಸು. ಆಮೇಲೆ ಹೊನ್ನಾಳಿ ಮಾತಾಡೋಣ."

ಸ್ಟೋರ್ ರೂಮಿನಲ್ಲಿ ಸೋಪಿನ ವಾಸನೆ. ಬಾಗಿಲಿನ ಗಾಜಿನಾಚೆ ನಾಗೇಂದ್ರಪ್ಪ ಯಾರೊಂದಿಗೋ ಕೈ ಬೀಸುತ್ತಾ ಮಾತಾಡುತ್ತಿದ್ದರು, ಬೆರಳಿನಲ್ಲಿ ಗೊಂಚಲು ತಿರುಗುತ್ತಿತ್ತು. ಸುಧಾ ಅಕ್ಕಿ ಮೂಟೆಯ ಮೇಲೆ ಕೂತು, ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅವ್ವನಿಗೆ ಫೋನ್ ಮಾಡಿದಳು.

"ಏನೇ, ಹಗಲೊತ್ನಾಗೆ? ಮೈಯಾಗೆ ಹುಷಾರೈತೇನೆ?"

"ಐತೆ. ಅವ್ವ, ನೀನು ಮಂಗಳವಾರ ನಮ್ಮಂಗಡಿಗೆ ಬರ್ತೀಯೇನು?"

ಆ ಕಡೆ ಎಲ್ಲೋ ಒಂದು ಟ್ರ್ಯಾಕ್ಟರ್ ಹಾದುಹೋಯಿತು.

"ಯಾರಂದ್ರು?"

"ಯಾರೂ ಅನ್ಲಿಲ್ಲ. ಬರ್ತೀಯೋ ಇಲ್ಲೋ?"

"ಫ್ರೀ ಬಸ್ಸು ಐತಲ್ಲ, ಸುಮ್ನೆ ಬರ್ತೀನಿ. ಕಾಲ್ ಕೇಜಿ ತಗಂತೀನಿ, ಹೋಗ್ತೀನಿ. ನಿನ್ನ ಮಾತಾಡಿಸೀನೇನು? ಆ ಇನ್ನೊಂದು ಹುಡುಗಿ ಹತ್ರನೇ ದುಡ್ಡು ಕೊಡ್ತೀನಿ." ಗಾದ್ರಮ್ಮ ತಪ್ಪು ಮಾಡಿದವಳಂತೆ ಬೇಗ ಬೇಗ ಹೇಳಿದಳು. ಆಮೇಲೆ ದನಿ ಇಳಿಸಿ, "ನಿನ್ ಜಡೆ ಸಣ್ಣಾಗೈತೆ ಕಣೆ. ಎಣ್ಣೆ ಹಚ್ಚಂತೀಯೋ ಇಲ್ಲೋ?" ಎಂದಳು.

ಸುಧಾಳ ಕೈ ಜಡೆಗೆ ಹೋಯಿತು. ನಾಳೆ ಬರಬೇಡ ಅವ್ವ. ಮೂರೇ ಮಾತು. ಅವು ನಾಲಿಗೆಗೂ ಬಂದಿದ್ದವು. ಗಾಜಿನಾಚೆಯಿಂದ ನಾಗೇಂದ್ರಪ್ಪ ಇವಳ ಕಡೆ ತಿರುಗಿ, ಫ್ರಿಜ್ಜಿಗೆ ಇಟ್ಟೆಯಾ ಎಂದು ಕೈಸನ್ನೆಯಲ್ಲಿ ಕೇಳಿದರು. ಅವಳು ಇಟ್ಟೆನೆಂದು ತಲೆಯಾಡಿಸಿದಳು.

"ಅವ್ವ, ನಾಳೆ ಬಾ."

"ಆಂ?"

"ಬಾ. ಹತ್ತೂವರೆಗೆ ಬಾ."

"ನೀನೇ ಕರೀತಿದೀಯೇನೆ?" ಗಾದ್ರಮ್ಮನ ದನಿ ಒಮ್ಮೆಲೇ ಅಗಲವಾಯಿತು. "ಆ ಹಸಿರು ಸೀರೆ ಉಡ್ತೀನಿ ಹಂಗಾರೆ. ನಿಮ್ ಸಾಹುಕಾರ್ರಿಗೆ ಏನಾದ್ರೂ ತರಲೇನು? ಅವರೆಕಾಯಿ ಬಂದೈತೆ."

"ಏನೂ ಬ್ಯಾಡ. ಅವ್ವ, ಯಾರು ಏನು ಕೇಳಿದ್ರೂ, ಏನು ಮಾಡಿದ್ರೂ, ನನ್ ಹೆಸರು ಹೇಳಬ್ಯಾಡ. ನನ್ನ ಕಡೆ ನೋಡಬ್ಯಾಡ."

ಗಾದ್ರಮ್ಮ ಕೇಳಿದಳು, "ಯಾವತ್ತು ಹೇಳೀನೇ?"

ಸುಧಾ ಕೆಳಗೆ ನೋಡಿದಳು. ಜಾಡಿಯ ಮುಚ್ಚಳ ಯಾವಾಗ ತೆಗೆದಳೋ ಗೊತ್ತಿರಲಿಲ್ಲ. ಬಲಗೈ ಅದರೊಳಗೆ ಹೋಗಿ ಬರುತ್ತಿತ್ತು. ಹಸಿರಾಗಿದ್ದ ತುದಿಗಳು ಎಡಕ್ಕೆ, ಕಪ್ಪಾಗಿ ಲೋಳೆಗಟ್ಟಿದವು ಬಲಕ್ಕೆ, ಅಕ್ಕಿ ಮೂಟೆಯ ಮೇಲೆ ಎರಡು ಸಣ್ಣ ಗುಡ್ಡೆ ಆಗಲೇ ಎದ್ದಿದ್ದವು. ಎಡಗಡೆಯದು ತೀರಾ ಚಿಕ್ಕದು.

"ಹತ್ತೂವರೆಗೆ ಅಂದ್ಯಲ್ಲ?" ಆ ಕಡೆಯಿಂದ ಗಾದ್ರಮ್ಮ ಕೇಳುತ್ತಿದ್ದಳು. "ಒಂಬತ್ತರ ಬಸ್ಸಿಗೇ ಹತ್ತತೀನಿ ಬಿಡು. ತಡ ಆಗಬಾರದು."