ಹತ್ಸುಶಿಮೊಳ ಕೊನೆಯ ಓಟ

ಕೊನೆಯ ತಿರುವು ದಾಟಿದಾಗ ಹತ್ಸುಶಿಮೊ ಎಲ್ಲ ಕುದುರೆಗಳಿಗಿಂತ ಮುಂದಿದ್ದಳು. ಅವಳ ಬೆನ್ನ ಮೇಲಿದ್ದ ಜಾಕಿ ನತ್ಸುಮೆಗೆ ಹಿಂದಿನ ಗೊರಸುಗಳ ಸದ್ದೂ ಕೇಳುತ್ತಿರಲಿಲ್ಲ.

ಉತ್ತರ ಜಪಾನಿನ ಹೊಕ್ಕೈದೊದ ಆ ಸಣ್ಣ ಊರಿನಲ್ಲಿ ಕೊಹಾನ್ ಕಪ್ ನಡೆಯುತ್ತಿದ್ದುದು ಅದೇ ಕಡೆಯ ಸಲ. ಮಹಾಯುದ್ಧ ಮುಗಿದ ಮೇಲೆ ಆಲೂಗಡ್ಡೆ ಹೊಲ ಸಮ ಮಾಡಿ ಶುರು ಮಾಡಿದ ಪಂದ್ಯ. ಮೊದಮೊದಲು ಗಾಡಿ ಕುದುರೆಗಳೂ ಓಡುತ್ತಿದ್ದವಂತೆ. ಆಮೇಲೆ ಥರೋಬ್ರೆಡ್ ತಳಿಯ ರೇಸ್ ಕುದುರೆಗಳು ಬಂದವು, ಗ್ಯಾಲರಿ ಎದ್ದಿತು, ಶರತ್ಕಾಲ ಬಂದರೆ ರೈಲು ತುಂಬ ಜನ ಬರುತ್ತಿದ್ದರು. ಈಗ ರೈಲೇ ಇಲ್ಲ. ಮುಂದಿನ ವರ್ಷ ಮೈದಾನವೂ ಇರುವುದಿಲ್ಲ.

ಬೆಳಿಗ್ಗೆ ಲಾಯದಲ್ಲಿ ಕುದುರೆಯ ಒಡೆಯ, ಮುದುಕ ಒಗಾತಾ ನಕ್ಕಿದ್ದ. "ಹೊಲ ಸಮ ಮಾಡ್ದೋರಲ್ಲಿ ನಮ್ಮಪ್ಪನೂ ಒಬ್ಬ ಕಣಮ್ಮ. ಕಪ್ಪು ಮಾತ್ರ ಒಂದ್ಸಲನೂ ನಮ್ಮನೆಗೆ ಬರ್ಲಿಲ್ಲ. ಎರಡನೇ ಸ್ಥಾನ ನಮಗೆ ಗುತ್ತಿಗೆ ಕೊಟ್ಟಂಗಿದೆ."

"ಇವತ್ತಿಗೆ ಗುತ್ತಿಗೆ ಮುಗೀತು ಅಂದ್ಕೊಳ್ಳಿ ಯಜಮಾನ್ರೇ," ಎಂದಿದ್ದಳು ನತ್ಸುಮೆ.

ಗುರಿಗಂಬ ಕಣ್ಣಿಗೆ ಬಿದ್ದಾಗಲೇ ಎಡ ಮುಂಗಾಲಿನ ಲಯ ತಪ್ಪಿತು. ಬೆನ್ನ ಮೇಲೆ ಕೂತವರಿಗೆ ಮಾತ್ರ ತಿಳಿಯುವಷ್ಟು. ಹತ್ಸುಶಿಮೊ ವೇಗ ಇಳಿಸಲಿಲ್ಲ. ಕತ್ತು ಚಾಚಿ ಇನ್ನಷ್ಟು ನುಗ್ಗಿದಳು. ನತ್ಸುಮೆ ಎದ್ದು ನಿಂತು ಲಗಾಮು ಜಗ್ಗಿದಳು. ಮಿಕ್ಕ ಕುದುರೆಗಳು ಮರಳು ಎರಚುತ್ತ ಪಕ್ಕದಲ್ಲೇ ಹಾದುಹೋದವು. ಗ್ಯಾಲರಿ ಒಮ್ಮೆ ನಿಟ್ಟುಸಿರಿಟ್ಟು, ಗೆದ್ದವರ ಕಡೆಗೆ ತಿರುಗಿ ಕೂಗತೊಡಗಿತು.

ಒಗಾತಾ ಬೇಲಿಯಡಿ ನುಸುಳಿ ಏದುಸಿರು ಬಿಡುತ್ತ ಬಂದ. "ಅವಳೇ ನಿಂತ್ಲಾ?"

"ಇಲ್ಲ. ನಾನೇ ನಿಲ್ಲಿಸ್ದೆ. ಕಾಲು ಸರಿ ಇರ್ಲಿಲ್ಲ."

"ಗೆಲ್ತಿದ್ಲಾ?"

ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ನತ್ಸುಮೆ ಅದನ್ನು ನುಂಗಿಕೊಂಡಳು. "ಗೆಲ್ತಿದ್ಲು."

ಪಶುವೈದ್ಯ ಮಂಡಿಯೂರಿ ಕಾಲು ಒತ್ತಿ ನೋಡಿದ. "ನರ ಎಳೆದಿದೆ, ಮೂಳೆ ನೆಟ್ಟಗಿದೆ. ಓಟ ಇನ್ನಿಲ್ಲ. ಮರಿ ಹಾಕಬಹುದು."

"ಕಂಬದವರೆಗೆ ಓಡಿದ್ದಿದ್ರೆ?" ಒಗಾತಾ ಕೇಳಿದ.

"ಮುರೀತಿತ್ತೋ ಇಲ್ವೋ. ಯಾರು ಹೇಳಕ್ಕಾಗುತ್ತೆ?"

ಒಗಾತಾ ನತ್ಸುಮೆಯ ಮುಖ ನೋಡದೆಯೇ ಅವಳ ಕೈಯಿಂದ ಲಗಾಮು ತೆಗೆದುಕೊಂಡ.

"ಬಾರೇ, ಮನೆಗೆ ಹೋಗಣ," ಎಂದ ಕುದುರೆಗೆ.

ಮೂವರೂ ಕುದುರೆ ಸಾಗಿಸುವ ವ್ಯಾನಿನತ್ತ ನಿಧಾನವಾಗಿ ನಡೆದರು. ಅವರ ಹಿಂದೆ ಟ್ರ್ಯಾಕ್ಟರಿನವನು ಎಂದಿನಂತೆ ಬಂದು, ಗೊರಸಿನ ಗುರುತುಗಳನ್ನೆಲ್ಲ ಅಳಿಸುತ್ತ, ಮರಳನ್ನು ಸಮ ಮಾಡತೊಡಗಿದ್ದ.