ಪಶ್ಚಿಮಕ್ಕೆ ಎಲ್ಲಿಯವರೆಗೆ

ತೆಂಗಿನಕಾಯಿಯ ಜುಟ್ಟು ಅಂಗೈಗೆ ಚುಚ್ಚುತ್ತಿದೆ, ನೆಟ್ಟಗೆ ಸುಲಿಯುವವರು ತಮ್ಮ ಮನೆಯಲ್ಲಿ ಒಬ್ಬರೂ ಇಲ್ಲ, ಇನ್ನು ಮೂವರು ಮುಗಿದರೆ ತನ್ನ ಪಾಳಿ, ಜಿನಮತಿ ಕಾಯಿಯನ್ನು ಮಡಿಲಿಗಿಳಿಸಿ ಮತ್ತೆ ಎತ್ತಿಕೊಂಡಳು, ಇಳಿಸಿದರೆ ಎದ್ದು ಹೋಗುತ್ತಾಳೆ ಅಂತ ಹಿಂದಿನವರು ಗುಸುಗುಸು ಶುರುಮಾಡುತ್ತಾರೆ — ಅಂಕಲಿಯ ಬಸದಿಯ ಈ ಪಡಸಾಲೆಯಲ್ಲಿ ಇಷ್ಟು ಹೆಂಗಸರು ಯಾವ ಚಾತುರ್ಮಾಸದಲ್ಲೂ ಕೂತಿರಲಿಲ್ಲ, ಮುನಿಮಹಾರಾಜರನ್ನು ಕೇಳಲು ಬಂದವರೋ ತಾನು ಸಿಕ್ಕಿಬೀಳುವುದನ್ನು ನೋಡಲು ಬಂದವರೋ. ಇವತ್ತು ದಿಗ್ವ್ರತ ಕೊಡುತ್ತಾರೆ. ನಾಲ್ಕು ದಿಕ್ಕಿಗೂ ಒಂದೊಂದು ಗಡಿ ಹೇಳಿ ಕೈಮುಗಿಯಬೇಕು, ಜೀವ ಇರುವ ತನಕ ಅದರಾಚೆ ಕಾಲಿಡುವಂತಿಲ್ಲ, ಆಮೇಲೆ ಗಡಿ ಹಿಗ್ಗಿಸಿದರೂ ದೋಷ, ಮರೆತರೂ ದೋಷ. ಎಂಟು ದಿನದ ಹಿಂದೆ ಈ ವ್ರತದ ಹೆಸರೆತ್ತಿದವರಿರಲಿಲ್ಲ, ಹಸಿರು ಪಲ್ಲೆ ಬಿಡುವುದು, ಚತುರ್ದಶಿಗೆ ಒಂದೇ ಊಟ, ಎಲ್ಲ ಅಷ್ಟರಲ್ಲೇ ನಡೆದಿತ್ತು. ಅವಳ ಪಾಸ್‌ಪೋರ್ಟು ಬಂದ ಮೇಲೆ, ಬೆಳಗಾವಿಯಲ್ಲಿ ತೆಗೆಸಿದ ಆ ದೆವ್ವದಂಥ ಫೋಟೋ ಅಂಟಿಸಿಕೊಂಡು ಅದು ಮನೆಗೆ ಬಂದ ಮೇಲೆಯೇ, ಮಹಾರಾಜರಿಗೆ ದಿಕ್ಕುಗಳ ನೆನಪಾಗಬೇಕೇ? ಯಾರೋ ಕಿವಿ ಊದಿದ್ದಾರೆ. ಯಾರೋ ಏನು, ಗಂಡನ ಅಣ್ಣ ಅಣ್ಣಾಸಾಬರೇ, ಬೇರೆ ಯಾರಿಗೆ ಇಷ್ಟು ಪುರುಸೊತ್ತಿದೆ.

ಪೊಲೀಸ್ ವಿಚಾರಣೆಗೆ ಚಿಕ್ಕೋಡಿಯಿಂದ ಬಂದವನನ್ನು ಅಣ್ಣಾಸಾಬರು ತಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡು ಚಹಾ ಕುಡಿಸಿದ್ದರು, ಆಮೇಲೆ ಅವನು ಇವಳ ಮನೆಗೆ ಬಂದು ಕೇಳಿದ್ದೇನು, ಒಬ್ಬರ ಹೊಂಟೀರೇನ್ರಿ ಅಕ್ಕಾರ, ಮನ್ಯಾಗ ಏನರ ಜಗಳ ಐತೇನ್ರಿ — ಪೊಲೀಸಿನವನ ತಲೆಯಲ್ಲಿ ಹುಟ್ಟುವ ಮಾತೇ ಅದು? ಟಪಾಲೂ ಅವರ ಕಟ್ಟೆಗೇ ಮೊದಲು ಬರುತ್ತದೆ. ನೈರೋಬಿಯಿಂದ ರಾಜಮತಿ ಬರೆದ ಕಾಗದದ ಅಂಚು ಬಿಚ್ಚಿ ಮತ್ತೆ ಗಂಜಿಯಿಂದ ಅಂಟಿಸಿದ್ದು ಅವಳು ಬೆರಳಿನಿಂದಲೇ ಕಂಡುಹಿಡಿದಳು, ಒಣಗಿದ ಗಂಜಿ ಪುಡಿಪುಡಿಯಾಗಿ ಉದುರಿತು. ಏನಿತ್ತು ಅದರಲ್ಲಿ ಅಂಥದ್ದು, ಕಣ್ಣು ಮಂಜಾಗ್ಯಾವ ಜಿನಿ, ಈ ವರ್ಷ ಬಂದ್ರ ನಿನ್ನ ಮುಖ ನೋಡತೀನಿ, ಮುಂದಿನ ವರ್ಷ ಬಂದ್ರ ಬರೀ ಧ್ವನಿ ಕೇಳತೀನಿ, ಇಷ್ಟೇ. ಓದಿ ಅವಳು ನೀರೊಲೆಯ ಮುಂದೆ ಕೂತು ಅತ್ತಳು, ಹೊಗೆಯ ನೆಪ ಇತ್ತು. ಸಾಂಗಲಿಯ ಶ್ರಾವಿಕಾಶ್ರಮದ ಒಂದೇ ಕೋಣೆ, ಓದಲು ಬಂದ ನಾಲ್ವರು ಹುಡುಗಿಯರು, ಮೂವತ್ತೈದು ವರ್ಷದ ಹಿಂದೆ, ಚಳಿಗಾಲಕ್ಕೆ ನಾಲ್ವರಿಗೂ ಎರಡೇ ರಗ್ಗು. ಆಮೇಲೆ ಮೂವರು ಗಂಡಂದಿರ ಹಿಂದೆ ಸಮುದ್ರ ದಾಟಿದರು, ಜಿನಮತಿ ಕೃಷ್ಣಾ ಹೊಳೆಯೊಂದನ್ನು ದಾಟಿ ಅಂಕಲಿಗೆ ಬಂದಳು. ದೀಪಾವಳಿ ಮುಗಿದ ಮೇಲೆ ಮೊದಲು ಮಸ್ಕತ್ತು, ಲಕ್ಷ್ಮಿಬಾಯಿಯ ಮನೆ, ಹದಿನೈದು ದಿನ, ಅಲ್ಲಿಂದ ನೈರೋಬಿ, ಕಡೆಗೆ ಇಂಗ್ಲೆಂಡಿನ ಲೆಸ್ಟರ್, ಅಲ್ಲಿ ಕಮಲಾ. ಚಳಿಗಾಲದಾಗ ಇಲ್ಲಿ ನಾಲ್ಕಕ್ಕ ಹೊತ್ತ ಮುಳಗತೈತಿ, ರಾತ್ರಿ ಊಟ ಮೂರೂವರಿಗೇ ಮುಗಸಬೇಕ ನೋಡು ಅಂತ ಕಮಲಾ ಬರೆದಿದ್ದಾಳೆ. ಅದಕ್ಕೂ ಜಿನಮತಿ ಇಲ್ಲೇ ರೂಢಿ ಮಾಡಿಕೊಳ್ಳುತ್ತಿದ್ದಾಳೆ, ಒಂದು ವಾರದಿಂದ ಮೂರೂವರೆಗೆ ರೊಟ್ಟಿ, ವಾರಗಿತ್ತಿ ಮುಸಿಮುಸಿ ನಗುತ್ತಾಳೆ, ನಗಲಿ.

ಇದಕ್ಕೆಲ್ಲ ಕಾರಣ ಗಂಡ. ಬಾಪುಸಾಹೇಬ ಒಪ್ಪದಿದ್ದರೆ ಈ ಯೋಚನೆ ಹೊಸ್ತಿಲು ದಾಟುತ್ತಿರಲಿಲ್ಲ. ನಿನ್ನ ಗೆಳತ್ಯಾರು, ನಾ ಬಂದ ಏನ ಮಾಡ್ಲಿ, ನೀ ಹೋಗಿ ಬಾ ಅಂದರು, ಕೊಲ್ಹಾಪುರಕ್ಕೆ ಹೋಗಿ ಬ್ಯಾಗು ತಂದರು, ಅದಕ್ಕೆ ಹೆಸರು ಬರೆದ ಚೀಟಿ ತಾವೇ ಅಂಟಿಸಿದರು, ನೀ ಬರೂತನಕ ನಾ ಉಪವಾಸ ಇರೂದಿಲ್ಲ ಅಂತ ಚಹಾ ಮಾಡುವುದನ್ನೂ ಕಲಿತು ಒಂದು ಪಾತೇಲಿ ಸುಟ್ಟರು. ಅಂಥವರ ಬೆನ್ನ ಹಿಂದೆ ಅಣ್ಣ ಹೀಗೆ ಹೊಂಚು ಹಾಕುತ್ತಿದ್ದಾನೆ, ಪಾಪ, ಅವರಿಗೆ ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾರೋ. ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದು ಇದು, ಈ ಊರಲ್ಲಿ ದಿಗ್ವ್ರತಕ್ಕೆ ಕೂತವರು ಹೇಳುವುದೆಲ್ಲ ಒಂದೇ, ಇಗೋ ಮುಂದಿನ ಮುದುಕಿ ಹೇಳುತ್ತಿದ್ದಾಳೆ, ಪೂರ್ವಕ್ಕ ಶಿಖರಜಿ, ದಕ್ಷಿಣಕ್ಕ ಕನ್ಯಾಕುಮಾರಿ, ಪಶ್ಚಿಮಕ್ಕ ಸಮುದ್ರ, ಉತ್ತರಕ್ಕ ಹಿಮಾಲಯ, ಅವಳಿಗಿಂತ ಮೊದಲಿನವಳೂ ಅದನ್ನೇ ಅಂದಳು, ಬಾಯಿಪಾಠ, ಅದೇ ರಾಗದಲ್ಲಿ ತಾನೂ ಅಂದುಬಿಡುತ್ತೇನೆ ಅಂತ ಅಣ್ಣಾಸಾಬರ ಅಂದಾಜು, ಪಶ್ಚಿಮಕ್ಕ ಸಮುದ್ರ ಅಂದರೆ ಮುಗಿಯಿತು, ರಾಜಮತಿಯ ಕಣ್ಣು ಮುಗಿಯಿತು. ವ್ರತ ಬೇಡ ಅಂತ ಎದ್ದುಹೋದರೆ? ಇಷ್ಟು ಜನರೆದುರು ಮಹಾರಾಜರಿಗೆ ಬೇಡ ಅಂದವಳು ಅಂತ ಸಾಯುವ ತನಕ ಅನ್ನಿಸಿಕೊಳ್ಳಬೇಕು.

ಪಾಳಿ ಬಂದೇ ಬಿಟ್ಟಿತು. ನಮೋಸ್ತು ಅಂದು ಬಗ್ಗಿದಳು, ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಹರಸಿದರು, ಒಳ್ಳೆಯ ಮುಖ, ಮೋಸ ಮಾಡುವ ಮುಖವಲ್ಲ. ನೀವ ಬಾಪುಸಾಹೇಬರ ಮನಿಯವರಲ್ಲೇನ್ರಿ, ಅವರು ಹೋದ ಐತವಾರ ಬಂದಿದ್ರು, ನಮ್ಮ ಮನಿಯಾಕಿಗೆ ದಿಗ್ವ್ರತ ತಗೊಳ್ಳೂ ಆಸೆ ಐತಿ, ಬಾಯಿಬಿಟ್ಟ ಹೇಳಾಕ ಸಂಕೋಚ ಅಂದ್ರು, ನಿಮ್ಮ ಸಲುವಾಗಿನ ಇವತ್ತ ಇಟ್ಟೀವಿ, ಅಂದರು. ಬಾಪುಸಾಹೇಬರು ಅಂದರೆ — ಅಣ್ಣಾಸಾಬ ಅನ್ನಲು ಹೋಗಿ ತಪ್ಪಿರಬೇಕು, ಇಲ್ಲ, ತಪ್ಪಿಲ್ಲ, ಹೋದ ಐತವಾರ ಬಾಪುಸಾಹೇಬರೇ ಪಂಚೆ ಉಟ್ಟು ಬಸದಿಗೆ ಬಂದಿದ್ದರು, ಬ್ಯಾಗಿನ ಮೇಲಿನ ಚೀಟಿ ಅಂಟಿಸಿದ್ದೂ ಗಂಜಿಯಿಂದಲೇ, ಅಡುಗೆಮನೆಯಲ್ಲಿ ತಾನೇ ಬಟ್ಟಲಲ್ಲಿ ಕೊಟ್ಟಿದ್ದಳಲ್ಲ. ಕಂಬದ ಸಂದಿಯಿಂದ ಗಂಡಸರ ಸಾಲು ಕಾಣುತ್ತದೆ, ಗಂಡನ ಮುಖ ಕಂಬಕ್ಕೆ ಮರೆಯಾಗಿದೆ, ಕೈಯೊಂದೇ ಕಾಣುತ್ತದೆ, ಛತ್ರಿಯ ಗುಂಡಿಯ ಮೇಲೆ ಹೆಬ್ಬೆರಳು, ಒತ್ತುವುದು, ಬಿಡುವುದು. ಹೇಳ್ರಿ, ಪಶ್ಚಿಮಕ್ಕ ಎಲ್ಲೀತನಕ, ಅಂದರು ಮಹಾರಾಜರು. ಸಮುದ್ರ ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದಿತ್ತು, ಅವಳು ಅದನ್ನು ನುಂಗಿದಳು. ಪಶ್ಚಿಮಕ್ಕ ಲೆಸ್ಟರ್ ರಿ, ಉತ್ತರಕ್ಕೂ ಅದೇರಿ, ದಕ್ಷಿಣಕ್ಕ ನೈರೋಬಿ, ಪೂರ್ವಕ್ಕ ಶಿಖರಜಿ. ಅವು ಎಲ್ಲಿ ಬರತಾವ್ರಿ, ಅಂದರು ಮಹಾರಾಜರು. ನನ್ನ ಗೆಳತ್ಯಾರ ಮನಿ ಅದಾವ್ರಿ ಅಲ್ಲಿ. ದೂರ ಆದರೂ ಗಡಿ ಗಡಿನ, ಪಾಳಸ್ರಿ, ಅಂದು ಮಹಾರಾಜರು ಮತ್ತೆ ಪಿಂಛಿ ಎತ್ತಿದರು. ಮುಗಿಯಿತು, ಇನ್ನು ಯಾರೂ ತಡೆಯುವಂತಿಲ್ಲ, ಗೆದ್ದೆ ಅನ್ನಿಸಬೇಕಿತ್ತು. ಬೇಡ ಜಿನಮತಿ, ನನಗೆ ಒಬ್ಬನೇ ಇರಲು ಆಗುವುದಿಲ್ಲ ಅಂತ ಗಂಡ ಒಂದು ಮಾತು ಅಂದಿದ್ದರೆ, ಜಗಳ ಆಡಿ ಹೋಗುತ್ತಿದ್ದಳೋ ಅತ್ತು ಉಳಿಯುತ್ತಿದ್ದಳೋ, ಏನಾದರೂ ಒಂದು ಆಗುತ್ತಿತ್ತು, ಮಾತಾದರೂ ಆಗುತ್ತಿತ್ತು. ಮೂವತ್ತು ವರ್ಷ ಮಗ್ಗುಲಲ್ಲಿ ಮಲಗಿದವರು, ಹೋಗಿ ಬಾ ಅಂದ ಬಾಯಿ, ಚಹಾ ಕಲಿತದ್ದು ಸುಳ್ಳೇ, ಬ್ಯಾಗು ಸುಳ್ಳೇ, ಅದಕ್ಕೂ ಹಿಂದಿನವುಗಳಲ್ಲಿ ಸುಳ್ಳು ಯಾವುವು — ಅಳು ಬರುತ್ತಿಲ್ಲ, ಸಿಟ್ಟೂ ಬರುತ್ತಿಲ್ಲ, ಕಂಬದ ಆಚೆ ಆ ಹೆಬ್ಬೆರಳು, ಒತ್ತುವುದು, ಬಿಡುವುದು, ಛತ್ರಿ ಬಿಚ್ಚುವಷ್ಟು ಒತ್ತುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ, ಒತ್ತುವುದು, ಬಿಡುವುದು, ಆ ಹೆಬ್ಬೆರಳು.